ಹೊಗೆ ಮಲಗುವ ಹೊತ್ತು

ಅಕ್ಟೋಬರ್ 3

ಸೂಜಿಗೆ,

ಅದಕ್ಕೇ ಹೇಳಿದ್ದು, ಬೆಂಕಿ ಮನೆಯೊಳಗೇ ಇರಬೇಕು ಅಂತ ಯಾರೂ ಬರೆದಿಟ್ಟಿಲ್ಲ. ನಿನ್ನೆ ಫೋನಿನಲ್ಲಿ ನೀನು "ಏನು ಭಾವ, ಹೊರಗೆ ಒಲೆ ಹಚ್ಚಿ ಒಳಗೆ ಕೂತು ಚಳಿ ಕಾಯಿಸ್ಕೋತೀರಾ?" ಅಂತ ನಕ್ಕೆ. ನಕ್ಕದ್ದು ಕೇಳಿಸಿತು, ಆಮೇಲೆ ಹೇಳಿದ್ದು ಕೇಳಿಸಲಿಲ್ಲ. ನನ್ನ ಎಡಗಿವಿ ಹೇಗೂ ರಜೆಯಲ್ಲಿದೆ, ಬಲಗಿವಿ ನಿನ್ನ ನಗು ಮುಗಿಯಲಿ ಅಂತ ಕಾದು ಸುಸ್ತಾಯಿತು. ಅದಕ್ಕೆ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ನಿನಗೆ ಸೂಜಿ ಅಂತ ಹೆಸರಿಟ್ಟ ನಿನ್ನ ಅಕ್ಕ ಸುಮ್ಮನೆ ಇಟ್ಟವಳಲ್ಲ.

ವಿಷಯ ಇಷ್ಟೇ. ಗುಬ್ಬಿಯ ಡಾಕ್ಟರು ನಮ್ಮಿಬ್ಬರ ಮುಂದೆಯೇ ಹೇಳಿದರಲ್ಲ, ಶ್ವಾಸಕೋಶದ ಆಪರೇಷನ್ ಆದ ನನ್ನ ಮಗಳಿಗೆ ಈ ಚಳಿಗಾಲ ಮುಗಿಯುವವರೆಗೆ ಹೊಗೆ ಸೋಕಬಾರದು, ಥಂಡಿಯೂ ತಾಗಬಾರದು ಅಂತ. ನಮ್ಮ ನಡುಮನೆಯ ಹಳೇ ಕಬ್ಬಿಣದ ಒಲೆಯೋ, ಬಾಗಿಲು ತೆಗೆದಾಗಲೆಲ್ಲ ಮುಖಕ್ಕೆ ಕೆಮ್ಮುತ್ತದೆ. ಡಾಕ್ಟರು ಮಾತು ಮುಗಿಸುವುದರೊಳಗೆ ನೀನು "ಹಾಗಾದ್ರೆ ಚಳಿಗಾಲ ಪೂರ್ತಿ ನನ್ನ ಹತ್ರಾನೇ ಇರ್ಲಿ" ಅಂದೆ. ಅಷ್ಟು ಬೇಗ ಅಂದದ್ದು ನನಗೆ ಹಿಡಿಸಲಿಲ್ಲ. ಮೊದಲೇ ಕತ್ತರಿಸಿಟ್ಟುಕೊಂಡ ಬಟ್ಟೆಯ ಹಾಗಿತ್ತು. ನಿನ್ನದು ಗೋದಾಮಿನ ಮೇಲಿನ ಮನೆ, ಒಬ್ಬಳೇ ಇರುವವಳು, ಬೆಚ್ಚಗಿದೆ, ಆಸ್ಪತ್ರೆ ಹತ್ತಿರ, ಎಲ್ಲ ಸರಿ. ಆದರೆ ಮೂವತ್ತು ವರ್ಷ ಛಾಪಖಾನೆಯಲ್ಲಿ ಪ್ರೂಫು ತಿದ್ದಿದವನು ನಾನು. ಎಲ್ಲ ಸರಿ ಕಾಣುವ ಪುಟದ ಮೇಲೇ ನನಗೆ ಅನುಮಾನ ಜಾಸ್ತಿ.

ಹಿತ್ತಿಲ ಮೂಲೆಯಲ್ಲಿ ಒಂದು ಬಾಯ್ಲರ್ ಕೂರಿಸುತ್ತಿದ್ದೇನೆ. ಹೊರಗಿನಿಂದ ನೋಡಿದರೆ ಸೈಕಲ್ ಇಡುವ ತಗಡಿನ ಶೆಡ್ಡು, ಮೇಲೊಂದು ಚಿಮಣಿ. ಒಳಗೆ ಸೌದೆ ಉರಿಯುವ ಹೊಟ್ಟೆ, ಹೊಟ್ಟೆಯ ಸುತ್ತ ನೀರು. ಕಾದ ನೀರು ನೆಲದೊಳಗಿನ ಪೈಪಿನಲ್ಲಿ ಮನೆಗೆ ಬಂದು, ಗೋಡೆಯ ರೇಡಿಯೇಟರಿನಲ್ಲಿ ಸುತ್ತಾಡಿ, ಕೋಣೆಗೆ ಬಿಸಿ ಕೊಟ್ಟು, ತಾನು ತಣ್ಣಗಾಗಿ ಇನ್ನೊಂದು ಪೈಪಿನಲ್ಲಿ ವಾಪಸ್ಸು. ಬಿಸಿ ಒಳಗೆ, ಹೊಗೆ ಹೊರಗೆ. ಕೆಲಸದವರನ್ನು ಕರೆಸುವುದಿಲ್ಲ. ಅವರು ಒಂದು ಸೋರುವ ಜಾಗ ಮುಚ್ಚಿ ಇನ್ನೊಂದನ್ನು ಬೇಕಂತಲೇ ಬಿಟ್ಟು ಹೋಗುವ ಪೈಕಿ.

ಇವತ್ತು ಪೈಪಿನ ಕಾಲುವೆ ಅಗೆಯಲು ಶುರು ಮಾಡಿದೆ. ಬೇಲಿಯಾಚೆ ಹಲ್ಲಿನ ಡಾಕ್ಟರು ನಿಂತಿದ್ದರು, ಗೊತ್ತಲ್ಲ, ಪಕ್ಕದ ಮನೆಯವರು, ಕುತ್ತಿಗೆಗೆ ಸದಾ ಮಫ್ಲರ್. ಜೀವಮಾನವೆಲ್ಲ ಜನರ ಬಾಯೊಳಗೆ ಇಣುಕಿದವರು, ನಿವೃತ್ತಿಯಾದ ಮೇಲೆ ನನ್ನ ಗುಂಡಿಯೊಳಗೆ ಇಣುಕುತ್ತಿದ್ದಾರೆ. "ಆಳ ಸಾಲ್ದು ಅನ್ಸುತ್ತೆ" ಅಂದರು. "ಬೇರು ಸಿಗೋವರೆಗೂ ಅಗೀತೀನಿ ಡಾಕ್ಟ್ರೇ, ನಿಮ್ಮ ಥರ" ಅಂದೆ. ನಗಲಿಲ್ಲ. ಆತ ಯಾಕೆ ನೋಡುತ್ತಿದ್ದಾನೆ ಅಂತ ತಿಳಿದುಕೊಳ್ಳಬೇಕು.

ನನಗೆ ಇದೆಲ್ಲ ತಿಳಿಯುವುದಿಲ್ಲ ಅಂದುಕೊಳ್ಳಬೇಡ. ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದು ಇನ್ನೂ ಇದೆ: "ಹಾಟ್ ಏರ್ ಆಲ್ವೇಸ್ ರೈಸಸ್, ಪ್ರೊವೈಡೆಡ್..." ಪ್ರೊವೈಡೆಡ್ ಆದಮೇಲೆ ಏನೋ ಇತ್ತು. ಗಂಟೆ ಹೊಡೆದಿರಬೇಕು. ಮುಖ್ಯವಾದ ಭಾಗ ನೆನಪಿದೆಯಲ್ಲ, ಸಾಕು.

ಗುಬ್ಬಿಯನ್ನು ಆಸ್ಪತ್ರೆಯಿಂದ ಯಾವಾಗ ಬಿಡುತ್ತಾರೆ? ಸರಿಯಾಗಿ ಕೇಳಿ ಬರೆ.

ಬೆಳಕು ಹೋಗ್ತಾ ಇದೆ. ಎದ್ದು ಪರದೆ ಎಳೆಯಬೇಕು.

ಭಾವ


ಅಕ್ಟೋಬರ್ 9

ಭಾವನಿಗೆ ನಮಸ್ಕಾರ.

ಗುಬ್ಬಿ ಚೆನ್ನಾಗಿದ್ದಾಳೆ. ಸೂಪು ಕುಡಿಯುತ್ತಾಳೆ, ನನ್ನ ಮೇಲೆ ರೇಗುತ್ತಾಳೆ, ಎರಡೂ ಒಳ್ಳೆಯ ಲಕ್ಷಣ ಅಂತ ಡಾಕ್ಟರು ಹೇಳಿದರು. ಜಾಸ್ತಿ ಮಾತಾಡಬಾರದು, ಹಾಗಾಗಿ ಫೋನು ಬೇಡ.

ನೀವು ಅಗೆಯುವುದು ನಿಮ್ಮ ಇಷ್ಟ. ಆದರೆ ಹೋದ ಸಲ ಒಂದು ಕಪಾಟು ಸರಿಸಿ ವಾರಗಟ್ಟಲೆ ಗೋಡೆ ಹಿಡಿದುಕೊಂಡು ನಡೆದವರು ನೀವು. ಸೊಂಟ ಹಿಡಿದರೆ ನಿಮಗೊಬ್ಬರು, ಗುಬ್ಬಿಗೊಬ್ಬರು ಅಂತ ನಾನು ಎರಡಾಗಲಾರೆ. ನಿಧಾನವಾಗಿ ಮಾಡಿ. ನಿಮ್ಮನ್ನು ಅಲ್ಲಿ ಯಾರೂ ಓಡಿಸಿಕೊಂಡು ಬರುತ್ತಿಲ್ಲ.

ನಾನು "ನನ್ನ ಹತ್ರಾನೇ ಇರ್ಲಿ" ಅಂದದ್ದು ಬೇಗ ಆಯಿತಂತೆ. ಇನ್ನು ಮೇಲೆ ಒಳ್ಳೆಯದು ಹೇಳುವಾಗ ಸ್ವಲ್ಪ ತಡವರಿಸುತ್ತೇನೆ, ಆಗಬಹುದಾ?

ಅಂಗಡಿಯ ಬ್ರೆಡ್ಡು ತಿಂದುಕೊಂಡೇ ಇರಬೇಡಿ.

ಸೂಜಿ


ಅಕ್ಟೋಬರ್ 21

ಸೂಜಿಗೆ,

ನಾನು ಕೇಳಿದ್ದು ಒಂದೇ ಪ್ರಶ್ನೆ, ಯಾವಾಗ ಬಿಡುತ್ತಾರೆ ಅಂತ. ನೀನು ಸೂಪಿಗೆ ಉತ್ತರ ಕೊಟ್ಟೆ, ಸೊಂಟಕ್ಕೆ ಕೊಟ್ಟೆ, ಬ್ರೆಡ್ಡಿಗೆ ಕೊಟ್ಟೆ. ಕಾಗದವನ್ನು ಎರಡು ಸಲ ಓದಿ ಮಡಿಸಿಟ್ಟಿದ್ದೇನೆ.

ಬಾಯ್ಲರ್ ಬಂದು ಕೂತಿದೆ. ಇಳಿಸಲು ಬಂದ ಲಾರಿಯವರು ಟೀ ಕೇಳಿದರು. ಕೊಟ್ಟೆ, ಆದರೆ ಅವರು ಹೋದಮೇಲೆ ನಟ್ಟು ಬೋಲ್ಟು ಎಲ್ಲ ಎಣಿಸಿ ನೋಡಿದೆ. ಪೈಪಿಗೆ ದಪ್ಪನೆಯ ರಬ್ಬರಿನ ಅಂಗಿ ತೊಡಿಸಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ಮಣ್ಣು ಮುಚ್ಚಿದ್ದಾಯಿತು. ಗೋಡೆ ಕೊರೆದು ಗುಬ್ಬಿಯ ಕೋಣೆಗೇ ಮೊದಲು ತಂದಿದ್ದೇನೆ. ಕಿಟಕಿಯ ಕೆಳಗೆ ರೇಡಿಯೇಟರ್. ಅವಳು ಚಿಕ್ಕವಳಿದ್ದಾಗ ಗೋಡೆಯ ಮೇಲೆ ಬರೆದ ರೈಲು ಇದೆಯಲ್ಲ, ಅದು ಅಳಿಸದ ಹಾಗೆ ಒಂದು ಗೇಣು ಪಕ್ಕಕ್ಕೆ ಕೂರಿಸಿದೆ. ನಿನ್ನ ಅಕ್ಕ ಅದಕ್ಕೆ ಸುಣ್ಣ ಬಳಿಯಲು ಬಿಟ್ಟವಳಲ್ಲ.

ಬಾಯ್ಲರಿನ ಜೊತೆ ಒಂದು ಪುಸ್ತಕ ಬಂತು, ಹೇಗೆ ಕೂರಿಸಬೇಕು ಅಂತ. ಪ್ರೂಫು ನೋಡದೆ ಅಚ್ಚು ಹಾಕಿದ್ದಾರೆ, ಪುಟಕ್ಕೆ ನಾಲ್ಕು ತಪ್ಪು. ಅಂಥವರ ಮಾತನ್ನು ಎಷ್ಟು ನಂಬಬೇಕು ಹೇಳು. ಅದರಲ್ಲಿ ಬರೆದಿದೆ, ಚಿಮಣಿ ಸುತ್ತಲಿನ ಮನೆಗಳ ಮಾಡಿಗಿಂತ ಎತ್ತರ ಇರಬೇಕಂತೆ. ಅಂಗಡಿಯವನೂ ಅದನ್ನೇ ಹಾಡಿದ, "ಇನ್ನೆರಡು ತುಂಡು ತಗೊಂಡ್ಬಿಡಿ ಸಾರ್, ಆಮೇಲೆ ಒದ್ದಾಡ್ತೀರಿ." ಕೊಳವೆ ಮಾರುವವನು ಕೊಳವೆ ಬೇಡ ಅನ್ನುತ್ತಾನೆಯೇ? ಪುಸ್ತಕ ಅಚ್ಚು ಹಾಕಿಸಿದವನೂ ಕೊಳವೆ ಮಾರುವವನೂ ಒಂದೇ ತಟ್ಟೆಯಲ್ಲಿ ಉಣ್ಣುವವರು. ಬಿಸಿಗಾಳಿ ತಾನಾಗಿ ಮೇಲೆ ಹೋಗುವಾಗ ಅದನ್ನು ಕೈಹಿಡಿದು ಮಹಡಿ ಹತ್ತಿಸುವ ಅಗತ್ಯವಿಲ್ಲ. ಬಾಯ್ಲರಿನ ಜೊತೆ ಬಂದ ತುಂಡೇ ಸಾಕು ಅಂದೆ.

ಆಸ್ಪತ್ರೆಯ ವಿಷಯ ಬರೆ. ಬರೆಯದಿದ್ದರೆ ಬರೆಯದ್ದನ್ನೂ ಓದಬಲ್ಲೆ.

ಸಂಜೆಯಾಯಿತು. ನಡುಮನೆಯ ಪರದೆ, ಅಡುಗೆಮನೆಯದು, ಗುಬ್ಬಿಯ ಕೋಣೆಯದು, ಮೂರೂ ಎಳೆಯಬೇಕು. ನಿಲ್ಲಿಸುತ್ತೇನೆ.

ಭಾವ


ನವೆಂಬರ್ 2

ಸೂಜಿಗೆ,

ನಿನ್ನಿಂದ ಉತ್ತರವಿಲ್ಲ. ಇರಲಿ.

ಬೆಂಕಿ ಹಚ್ಚಿದೆ! ಹಚ್ಚಿದ ದಿನವೇ ಮೊದಲ ಹಿಮ ಬಿತ್ತು, ಬೇಕೆಂದೇ ಕಾದು ಕೂತಿತ್ತೇನೋ. ಮಧ್ಯಾಹ್ನ ಮೂರಕ್ಕೆ ಹೊಟ್ಟೆ ತುಂಬ ಸೌದೆ ಒಟ್ಟಿ ಬಾಗಿಲು ಹಾಕಿದರೆ ಬೆಳಗ್ಗೆವರೆಗೆ ಅದರ ಮುಖ ನೋಡುವ ಕೆಲಸವಿಲ್ಲ. ನೀರು ಸಾಕಷ್ಟು ಕಾದರೆ ತಾನೇ ಗಾಳಿ ಮುಚ್ಚಿಕೊಂಡು ಒಳಗೊಳಗೇ ಕುದಿಯುತ್ತದೆ, ನಿನ್ನ ಹಾಗೆ. ಗುಬ್ಬಿಯ ಕೋಣೆಯಲ್ಲಿ ಬನಿಯನ್ನಿನಲ್ಲಿ ಕೂತಿದ್ದೆ. ರೇಡಿಯೇಟರಿನ ಮೇಲೆ ಕೈಯಿಟ್ಟೆ, ಯಾರದೋ ಬೆನ್ನು ಮುಟ್ಟಿದ ಹಾಗಿತ್ತು. ಹೆಚ್ಚು ಹೊತ್ತು ಇಟ್ಟುಕೊಂಡಿರಲಿಲ್ಲ.

ಹೊಗೆಯನ್ನು ಮಧ್ಯಾಹ್ನ ಹೊರಗೆ ನಿಂತು ನೋಡಿದೆ. ಹೊಸದಾಗಿ ಚೂಪು ಮಾಡಿದ ಪೆನ್ಸಿಲ್ಲಿನ ಹಾಗೆ ನೆಟ್ಟಗೆ ಮೇಲಕ್ಕೆ. ಮೇಷ್ಟ್ರು ಬದುಕಿದ್ದಿದ್ದರೆ ತೋರಿಸುತ್ತಿದ್ದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಿನ್ನೆ ಬೆಳಗ್ಗೆ ಹಲ್ಲಿನ ಡಾಕ್ಟರ್ ಬೇಲಿ ಹತ್ತಿರ ಬಂದ. ಮಫ್ಲರನ್ನು ಮೂಗಿನ ಮೇಲಿನವರೆಗೆ ಸುತ್ತಿಕೊಂಡಿದ್ದ, ಬ್ಯಾಂಕು ದೋಚಲು ಹೊರಟವನ ಹಾಗೆ.

"ಯಜಮಾನ್ರೇ, ಸಂಜೆ ಹೊತ್ತು ನಿಮ್ಮ ಹೊಗೆ ಎಲ್ಲಾ ನಮ್ಮ ಮನೇಲೇ" ಅಂದ.

"ನಿಮ್ಮ ಮನೆ ವಿಳಾಸ ಕೇಳ್ಕೊಂಡು ಬರುತ್ತಾ ಡಾಕ್ಟ್ರೇ? ನಾನೇ ನಿಂತು ನೋಡಿದೀನಿ, ನೆಟ್ಟಗೆ ಮೇಲೆ ಹೋಗುತ್ತೆ."

"ನೀವು ಯಾವಾಗ ನೋಡಿದ್ದು?"

"ಮಧ್ಯಾಹ್ನ."

"ನಾನು ಹೇಳ್ತಿರೋದು ಸಂಜೆ."

"ಸಂಜೆಗೆ ಅಂತ ಬೇರೆ ಹೊಗೆ ಇಟ್ಕೊಂಡಿದೀನಾ ನಾನು?"

"ನಮ್ಮ ಮನೆಗೆ ಬರೋದು ಬೇಡ ಸ್ವಾಮಿ, ನಿಮ್ಮ ಹಿತ್ತಿಲಲ್ಲೇ ಒಂದ್ಸಲ ನಿಂತು ನೋಡಿ. ಮಗಳು ಬರ್ತಾಳೆ ಅಂತೀರಿ."

"ಗಟ್ಟಿ ಇರೋ ಹಲ್ಲನ್ನೂ ಅಲ್ಲಾಡ್ತಿದೆ ಅಂತ ಹೇಳಿ ಕಿತ್ತೋರು ನೀವು, ನಿಮ್ಮ ಮಾತು ನಂಗೆ ಹೊಸದಲ್ಲ" ಅಂದೆ. ಆತ ತಿರುಗಿ ಹೋದ. ಹೋಗುವಾಗ ಎರಡು ಸಲ ಕೆಮ್ಮಿದ. ನಾಟಕದವರೂ ಅಷ್ಟು ಚೆನ್ನಾಗಿ ಕೆಮ್ಮುವುದಿಲ್ಲ.

ಮಗಳು ಬರುತ್ತಾಳೆ ಅಂತ ಆತನಿಗೆ ಹೇಳಿದವರು ಯಾರು? ನಾನಂತೂ ಅಲ್ಲ. ಒಳಗೆ ಬಂದು ಯೋಚಿಸಿದೆ. ನಿನ್ನ ಅಕ್ಕನನ್ನು ಮಣ್ಣು ಮಾಡಿ ಬಂದ ದಿನ, ಮನೆ ತುಂಬ ಜನ ಇದ್ದಾಗ, ನೀನು ಕಿಟಕಿಯ ಹತ್ತಿರ ಈ ಮನುಷ್ಯನ ಜೊತೆ ತುಂಬ ಹೊತ್ತು ಪಿಸಪಿಸ ಮಾತಾಡುತ್ತಿದ್ದೆ. ಅವತ್ತು ನನಗೆ ಯಾವುದೂ ಬೇಕಾಗಿರಲಿಲ್ಲ. ಈಗ ಬೇಕಾಗಿದೆ. ಒಬ್ಬರು ಗುಬ್ಬಿಯನ್ನು ಅಲ್ಲಿ ಹಿಡಿದಿಟ್ಟುಕೊಳ್ಳುವುದು, ಇನ್ನೊಬ್ಬರು ಇಲ್ಲಿ ಹೊಗೆ ಹೊಗೆ ಅಂತ ಕೂಗುವುದು. ಚೆನ್ನಾಗಿದೆ ಹೊಲಿಗೆ. ಎಲ್ಲೂ ಗಂಟು ಕಾಣಿಸುವುದಿಲ್ಲ.

ಬೆಳಕು ಹೋಯಿತು, ಪರದೆ ಎಳೆಯಬೇಕು.

ಭಾವ


ನವೆಂಬರ್ 10

ಭಾವ,

ಈ ಸಲ ನಮಸ್ಕಾರ ಇಲ್ಲ.

ಅಕ್ಕನನ್ನು ಮಣ್ಣು ಮಾಡಿದ ದಿನ ನನಗೆ ದವಡೆ ಹಲ್ಲು ಜೀವ ಹಿಂಡುತ್ತಿತ್ತು. ಅಂಥ ದಿನ ಹಲ್ಲುನೋವು ಅಂತ ಯಾರ ಹತ್ತಿರ ಹೇಳಲಿ? ಆ ಡಾಕ್ಟರು ನನ್ನ ಕೆನ್ನೆ ನೋಡಿ ತಾವಾಗಿಯೇ ಕರೆದು, ಕಿಟಕಿಯ ಬೆಳಕಿಗೆ ಬಾಯಿ ತೆಗೆಸಿ ನೋಡಿದರು. ಹಲ್ಲಿಗೆ ಏನೂ ಆಗಿಲ್ಲ, ಅಳು ತಡೆಯೋಕೆ ಬೆಳಗ್ಗೆಯಿಂದ ಹಲ್ಲು ಕಚ್ಚಿ ಹಿಡಿದಿದ್ದೀರಿ, ಅತ್ತುಬಿಡಿ ಅಂದರು. ಅಷ್ಟೇ ನಮ್ಮ ಪಿತೂರಿ. ಅದಾದ ಮೇಲೆ ಅವರನ್ನು ನಾನು ಕಂಡಿಲ್ಲ, ಬರೆದಿಲ್ಲ, ಅವರ ಹೆಸರೂ ನನಗೆ ಗೊತ್ತಿಲ್ಲ. ಮಗಳು ಬರುತ್ತಾಳೆ ಅಂತ ಅವರಿಗೆ ಯಾರು ಹೇಳಿದರೋ! ನೀವು ಕಾಲುವೆ ಅಗೆಯುತ್ತ ಗೊಣಗುವುದು ನಿಮ್ಮ ಕಿವಿಗೆ ಕೇಳಿಸದಿರಬಹುದು, ಬೇಲಿಯಾಚೆಯವರಿಗೆ ಕೇಳಿಸುತ್ತದೆ.

ಇಷ್ಟು ಬರೆಯಲು ತಡವಾದದ್ದು ನಾಟಕ ಕಂಪನಿಯ ಪರದೆ ಹೊಲಿಯುವ ಕೆಲಸ ಮೈಮೇಲೆ ಬಿದ್ದು. ಕತ್ತಲಾದ ಮೇಲೆ ಯಂತ್ರ ತುಳಿಯುವ ಹಾಗಿಲ್ಲ, ನಿದ್ದೆ ಕೆಡುತ್ತೆ ಅಂತ ಮೊನ್ನೆ ತಾನೇ ಬೈಸಿಕೊಂಡೆ. ಹಗಲಲ್ಲೇ ಎಲ್ಲ ಮುಗಿಸಬೇಕು.

ರೈಲಿನ ಚಿತ್ರ ಉಳಿಸಿದ್ದಕ್ಕೆ ಗುಬ್ಬಿಗೆ ತುಂಬ ಖುಷಿ.

ಸೂಜಿ


ನವೆಂಬರ್ 15

ಸೂಜಿಗೆ,

ಹಲ್ಲಿನ ವಿಷಯ ಒಪ್ಪಿದೆ. ಅವತ್ತು ನಿನ್ನ ಕೆನ್ನೆ ಊದಿದ್ದು ಈಗ ನೆನಪಾಗುತ್ತಿದೆ. ಅತ್ತು ಊದಿದೆ ಅಂದುಕೊಂಡಿದ್ದೆ.

ಆದರೆ ಕೆಳಗೆ ಗೋದಾಮು, ಮೇಲೆ ತಾರಸಿ, ಅಕ್ಕಪಕ್ಕ ಮನೆಯಿಲ್ಲ. ನಿನ್ನ ಹೊಲಿಗೆ ಯಂತ್ರದ ಸದ್ದಿಗೆ ನಿದ್ದೆ ಕೆಟ್ಟು ಬೈದವರು ಯಾರು?

ಬೇಡ, ಹೇಳಬೇಡ. ಗುಬ್ಬಿ ಆಸ್ಪತ್ರೆಯಲ್ಲಿಲ್ಲ, ನಿನ್ನ ಮನೆಯಲ್ಲಿದ್ದಾಳೆ. ಎಷ್ಟು ದಿನದಿಂದಲೋ. ನಾನಿಲ್ಲಿ ಥಂಡಿಯಲ್ಲಿ ಮಣ್ಣು ಅಗೆಯುತ್ತಿದ್ದೆ, ನೀವಿಬ್ಬರೂ ಅಲ್ಲಿ ಬೆಚ್ಚಗೆ ಕೂತು ನನ್ನ ಕಾಗದ ಓದಿ ನಗುತ್ತಿದ್ದಿರಿ. ಕಳಿಸುವುದಿಲ್ಲ ಅಂತ ಮೊದಲೇ ತೀರ್ಮಾನ ಆಗಿದ್ದರೆ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಕೋಣೆ ಬೆಚ್ಚಗಿದೆ. ಯಾರೂ ಇಲ್ಲದ ಕೋಣೆಗೆ ಸೌದೆ ಹಾಕುತ್ತಿದ್ದೇನೆ.

ಇನ್ನೂ ಬೆಳಕಿದೆ. ಆದರೂ ನಿಲ್ಲಿಸುತ್ತೇನೆ.


ನವೆಂಬರ್ 20

ಭಾವ,

ಹೌದು. ಗುಬ್ಬಿ ಇಲ್ಲೇ ಇದ್ದಾಳೆ. ನಿಮ್ಮ ಮೊದಲ ಕಾಗದ ಬರುವ ಹೊತ್ತಿಗೇ ಬಂದಿದ್ದಳು. ಹೇಳಬೇಡ ಅಂದವಳು ಅವಳೇ. "ನಾನು ಆಸ್ಪತ್ರೆಯಿಂದ ಬಂದೆ ಅಂತ ಗೊತ್ತಾದ್ರೆ ಅಪ್ಪ ಊಟ ನಿದ್ದೆ ಬಿಟ್ಟು ಅಗೀತಾನೆ ಚಿಕ್ಕಮ್ಮಾ, ಇಲ್ಲ ಮಾರನೇ ದಿನವೇ ಬಂದು ಕರ್ಕೊಂಡು ಹೋಗಿ ಆ ಹಳೇ ಒಲೆ ಮುಂದೆ ಕೂರಿಸ್ತಾನೆ. ನಿಧಾನಕ್ಕೆ ಮುಗಿಸ್ಲಿ" ಅಂದಳು. ನಿಮ್ಮ ಕಾಗದ ಓದಿ ನಕ್ಕದ್ದು ನಿಜ. ಬೇರು ಸಿಗುವವರೆಗೆ ಅಗೆಯುತ್ತೇನೆ ಅಂದದ್ದಕ್ಕೆ ಅವಳು ಹೊಲಿಗೆ ಹಾಕಿದ ಜಾಗ ಒತ್ತಿಹಿಡಿದುಕೊಂಡು ನಕ್ಕಳು. ಯಾರೂ ಇಲ್ಲದ ಕೋಣೆಗೆ ಸೌದೆ ಅನ್ನುವ ಸಾಲಿಗೆ ನಗಲಿಲ್ಲ.

ಇನ್ನೊಂದನ್ನೂ ಬರೆದುಬಿಡುತ್ತೇನೆ. ಅವಳು ಇಲ್ಲಿರುವುದು ನನಗೂ ಇಷ್ಟವಾಗಿತ್ತು. ಇನ್ನೊಂದು ತಟ್ಟೆ ಹಾಕಲು ಯಾರಾದರೂ ಇರುವುದು. ನಿಮ್ಮ ಅನುಮಾನದಲ್ಲಿ ಅಷ್ಟು ಮಾತ್ರ ನಿಜ ಇತ್ತು. ಅದು ನನ್ನದು, ಅವಳದಲ್ಲ.

ಕೆಳಗೆ ಅವಳೇ ಬರೆಯುತ್ತಾಳಂತೆ.

ಅಪ್ಪಾ,

ಬೈಯುವುದನ್ನು ನಾನು ಬಂದ ಮೇಲೆ ಬೈ.

ನಿನ್ನ ಕಾಗದಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಡಾಕ್ಟರ ಅಂಕಲ್ ಹೇಳುವುದು ಸಂಜೆಯ ಹೊಗೆ. ನೀನು ನೋಡಿದ್ದು ಮಧ್ಯಾಹ್ನದ ಹೊಗೆ. ಮೂರು ಗಂಟೆಗೆ ಸೌದೆ ತುಂಬುತ್ತೀಯ, ಬೀದಿ ಕಡೆಯ ಮೇಜಿನಲ್ಲಿ ಕೂತು ಬರೆಯುತ್ತೀಯ, ಬೆಳಕು ಹೋಗುತ್ತಲೇ ಪರದೆ ಎಳೆಯುತ್ತೀಯ. ಒಂದು ಕಾಗದ ಬಿಟ್ಟು ಎಲ್ಲವೂ ಹಾಗೇ ಮುಗಿದಿದೆ. ಅಮ್ಮ ಹೋದಮೇಲೆ ನೀನು ಸಂಜೆ ಹೊತ್ತು ಕಿಟಕಿಯಿಂದ ಹೊರಗೆ ನೋಡಿದ್ದನ್ನು ನಾನು ಕಂಡಿಲ್ಲ. ನೀನು ಕೆಲಸದಿಂದ ಬರುವ ಹೊತ್ತಿಗೆ ಅವಳು ನಿಲ್ಲುತ್ತಿದ್ದ ಕಿಟಕಿ. ನನಗೆ ಗೊತ್ತು ಅಪ್ಪ, ಅದಕ್ಕೇ ಕೇಳಿರಲಿಲ್ಲ.

ಒಂದು ಸಂಜೆ, ಗಾಳಿಯಿಲ್ಲದ ಸಂಜೆ, ನನ್ನ ಕೋಣೆಯಲ್ಲಿ ಕೂತುಕೋ. ಪರದೆ ಎಳೆಯಬೇಡ. ನೋಡಿ ನನಗೆ ಬರೆ. ಬಾ ಅಂತ ಬರೆದರೆ ಮಾರನೇ ದಿನದ ರೈಲಿಗೆ ಹೊರಡುತ್ತೇನೆ. ಬೇಡ ಅಂದರೆ ಇಲ್ಲೇ ಇರುತ್ತೇನೆ. ಇನ್ನೊಬ್ಬರನ್ನು ಕೇಳುವುದಿಲ್ಲ, ನೀನು ಬರೆದದ್ದನ್ನು ನಂಬುತ್ತೇನೆ.

ಗುಬ್ಬಿ


ಡಿಸೆಂಬರ್ 8

ಗುಬ್ಬಿಗೂ ಸೂಜಿಗೂ,

ನಿಮ್ಮ ಕಾಗದ ಬಂದ ಸಂಜೆಯೇ ನೋಡಿದೆ. ಹಿಂದೆಯೇ ಬರೆಯಬೇಕಿತ್ತು, ಬರೆಯದೆ ಇದ್ದದ್ದಕ್ಕೆ ಕಾರಣವಿದೆ, ಹೇಳುತ್ತೇನೆ. ನನ್ನನ್ನು ಅವಸರಿಸಬೇಡಿ. ಇವತ್ತು ಬೆಳಕು ಹೋಗುವವರೆಗೆ ಇಲ್ಲೇ ಕೂತಿರಬೇಕು, ಬೇರೆ ಕೆಲಸವಿಲ್ಲ.

ಅವತ್ತು ಹೀಗಾಯಿತು. ಗುಬ್ಬಿಯ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ನಾಲ್ಕು ಗಂಟೆಯವರೆಗೆ ಹೊಗೆ ನೆಟ್ಟಗೇ ಇತ್ತು. ನೋಡಿದಿರಾ ಅಂತ ಮನಸ್ಸಿನಲ್ಲೇ ನಿಮಗೆ ಬೈದೆ. ಗಾಳಿ ನಿಂತಿತು. ಹಿಮದ ಮೇಲಿನ ಬೆಳಕು ನೀಲಿಯಾಯಿತು. ಹೊಗೆ ಚಿಮಣಿಯಿಂದ ಹೊರಗೆ ಬಂದು ಸ್ವಲ್ಪ ಯೋಚಿಸಿತು. ಆಮೇಲೆ ಮೇಲಕ್ಕೆ ಹೋಗದೆ, ಮುದಿ ಎಮ್ಮೆ ಮಂಡಿಯೂರುವ ಹಾಗೆ ಮೆಲ್ಲಗೆ ಕೆಳಗಿಳಿದು, ಹಿತ್ತಿಲಲ್ಲಿ ಮೈಚಾಚಿ ಮಲಗಿತು. ಅರ್ಧ ಬೇಲಿ ದಾಟಿ ಡಾಕ್ಟರ ಕಿಟಕಿಗೆ ಹೋಯಿತು. ಉಳಿದರ್ಧ ಇತ್ತ ತಿರುಗಿ, ನಾನು ಕೂತ ಕಿಟಕಿಯ ಕೆಳಗೇ ಬಂದು ನಿಂತಿತು. ಗುಬ್ಬಿ, ನಿನ್ನ ದಿಂಬು ಮೂಸಿ ನೋಡಿದೆ. ಹೊಗೆ ವಾಸನೆ. ಇಷ್ಟು ದಿನ ನನ್ನ ಬಟ್ಟೆಯದೇ ವಾಸನೆ ಅಂದುಕೊಂಡಿದ್ದೆ.

ಆಗ ಮೇಷ್ಟ್ರ ಉಳಿದ ಅರ್ಧ ನೆನಪಾಯಿತು. "ಹಾಟ್ ಏರ್ ಆಲ್ವೇಸ್ ರೈಸಸ್, ಪ್ರೊವೈಡೆಡ್ ದಿ ಏರ್ ಅಬವ್ ಈಸ್ ಕೂಲರ್." ಮೇಲಿನ ಗಾಳಿ ತಣ್ಣಗಿದ್ದರೆ ಮಾತ್ರ. ಚಳಿಗಾಲದ ಸಂಜೆ ನೆಲದ ಹತ್ತಿರದ ಗಾಳಿ ಬೇಗ ತಣ್ಣಗಾಗುತ್ತದೆ, ಮೇಲಿನದು ಇನ್ನೂ ಬೆಚ್ಚಗೇ ಇರುತ್ತದೆ, ಹೊಗೆಗೆ ಏರಲು ದಾರಿಯಿಲ್ಲ. ಅದರ ಮೇಲೆ ನಾನು ಹೊಟ್ಟೆ ಬಿರಿಯುವಷ್ಟು ಸೌದೆ ತುರುಕಿ ಗಾಳಿ ಮುಚ್ಚಿ ಕುದಿಸುತ್ತಿದ್ದೆ. ಆ ಪುಸ್ತಕದಲ್ಲಿ ಪುಟಕ್ಕೆ ನಾಲ್ಕು ತಪ್ಪು ಹುಡುಕಿದವನು ಸರಿಯಾಗಿದ್ದ ಒಂದು ಸಾಲನ್ನು ಹೊಡೆದುಹಾಕಿದ್ದೆ.

ಡಾಕ್ಟರ ಬಾಗಿಲು ತಟ್ಟಿದೆ. ತೆಗೆದು ನನ್ನ ಮುಖ ನೋಡಿ "ಯಾವ ಹಲ್ಲು?" ಅಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ. ಒಳಗೆ ಕರೆದರು. ನಮ್ಮ ಕಡೆಯ ಕಿಟಕಿಯ ಸಂದಿನಲ್ಲೆಲ್ಲ ಹತ್ತಿ ತುರುಕಿದ್ದರು, ಹಲ್ಲಿಗೆ ಇಡುತ್ತಾರಲ್ಲ, ಅಂಥ ಬಿಳೀ ಹತ್ತಿಯ ಸಣ್ಣ ಸಣ್ಣ ಉಂಡೆ. ಅರ್ಧ ಕಂದು ಬಣ್ಣಕ್ಕೆ ತಿರುಗಿತ್ತು. ಮಫ್ಲರ್ ಮನೆಯೊಳಗೂ ಮೂಗಿನ ಮೇಲೇ ಇತ್ತು.

"ಹೇಳಿದ್ನಲ್ಲ" ಅಂದರು.

"ಹೇಳಿದ್ರಿ. ನಂಬಲಿಲ್ಲ."

"ನನ್ನ ಕುರ್ಚಿಗೆ ಬಂದವರು ಯಾರೂ ಮೊದಲ ಸಲಕ್ಕೆ ನಂಬಿದವರಲ್ಲ ಬಿಡಿ. ಕೂತ್ಕೊಳಿ, ಟೀ ಕುಡಿದು ಹೋಗಿ."

ಮಾರನೇ ದಿನ ಅಂಗಡಿಗೆ ಹೋಗಿ ಕೊಳವೆಯ ಒಂದು ತುಂಡು ತಂದೆ. ಎರಡು ತಗೊಳ್ಳಿ ಅಂದ ಅಂಗಡಿಯವನು. ಒಂದು ಸಾಕು ಅಂದೆ. ನಿಮಗೆ ಗೊತ್ತಲ್ಲ ನನ್ನ ಬುದ್ಧಿ, ಅದು ರಾತ್ರೋರಾತ್ರಿ ಹೋಗುವಂಥದ್ದಲ್ಲ. ಏಣಿ ಹಾಕಿದಾಗ ಡಾಕ್ಟರು ಬೇಲಿ ದಾಟಿ ಬಂದು ಕೆಳಗೆ ಹಿಡಿದುಕೊಂಡರು. ನಾನು ಬೀಳದಿರಲಿ ಅಂತಲೋ, ಬಿದ್ದರೆ ಹತ್ತಿರದಿಂದ ನೋಡೋಣ ಅಂತಲೋ, ಮುಖ ನೋಡಿ ಹೇಳುವ ಹಾಗಿರಲಿಲ್ಲ. "ಅಗಲವಾಗಿ ಕಾಲಿಡಿ, ಇನ್ನೂ ಅಗಲ, ಹ್ಞಾಂ, ನೋವಾದ್ರೆ ಕೈ ಎತ್ತಿ" ಅನ್ನುತ್ತಿದ್ದರು.

ಆ ಒಂದು ತುಂಡಿಗೆ ಏನಾಯಿತು ಅಂದರೆ, ಇದನ್ನೇ ಬರೆಯಲು ಇಷ್ಟು ದಿನ ಹಿಡಿಯಿತು, ಸಂಜೆಯ ಹೊಗೆ ನಿನ್ನ ಕಿಟಕಿಗೆ ಬರುವುದು ನಿಂತಿತು ಗುಬ್ಬಿ. ಪೂರ್ತಿ ನಿಂತಿತು. ನಮ್ಮ ಮಾಡು ತಗ್ಗು, ಅದರ ಮೇಲಿಂದ ದಾಟಿತು. ದಾಟಿ ನೇರವಾಗಿ ಡಾಕ್ಟರ ಮನೆಗೆ. ಅವರದು ಎತ್ತರದ ಮನೆ.

ನೀನು ಕೇಳಿದ್ದು ನಿನ್ನ ಕೋಣೆಯ ವಿಷಯ. "ಬಾ" ಅಂತ ಬರೆದೆ. ಲಕೋಟೆಗೆ ಹಾಕಿ ಅಂಟಿಸಿದೆ, ಅಂಚೆ ಡಬ್ಬದವರೆಗೂ ಹೋದೆ. ಸುಳ್ಳೇನೂ ಇರಲಿಲ್ಲ ಅದರಲ್ಲಿ. ಡಬ್ಬದ ಬಾಯಿಗೆ ಕಾಗದ ಹಿಡಿದು ನಿಂತಾಗ ನೀನು ಬರೆದ ಕೊನೆಯ ಸಾಲು ನೆನಪಾಯಿತು. ಇನ್ನೊಬ್ಬರನ್ನು ಕೇಳುವುದಿಲ್ಲ ಅಂದಿದ್ದೆ. ಇಡೀ ಊರಿನಲ್ಲಿ ನಾನು ಯಾರನ್ನೂ ನಂಬಿದವನಲ್ಲ. ನನ್ನ ಒಂದು ಮಾತನ್ನು ನಂಬಿ ಒಬ್ಬಳು ರೈಲು ಹತ್ತುತ್ತಾಳೆ ಅಂದರೆ, ಆ ಮಾತಿನೊಳಗೆ ಡಾಕ್ಟರ ಕಿಟಕಿಯ ಹತ್ತಿಯ ಉಂಡೆ ಇರಬಾರದು. ಕಾಗದ ಜೇಬಿಗೆ ಹಾಕಿಕೊಂಡು ಅಲ್ಲಿಂದಲೇ ಅಂಗಡಿಗೆ ಹೋದೆ. ಅಂಗಡಿಯವನು ಎರಡನೇ ತುಂಡನ್ನು ಮೊದಲೇ ಬಾಗಿಲ ಹತ್ತಿರ ಒರಗಿಸಿಟ್ಟಿದ್ದ. ಅದಕ್ಕೆ ನನಗೆ ಈಗಲೂ ಸಿಟ್ಟಿದೆ.

ಏರಿಸಿ, ತಂತಿ ಬಿಗಿದು ನಿಲ್ಲಿಸಿದ್ದಾಯಿತು. ಸೌದೆಯನ್ನೂ ಈಗ ಸ್ವಲ್ಪ ಸ್ವಲ್ಪವೇ ಹಾಕುತ್ತೇನೆ, ಹೆಚ್ಚು ಸಲ. ಆದರೆ ಅವತ್ತಿನಿಂದ ಸಂಜೆ ಸಂಜೆ ಗಾಳಿ. ಗಾಳಿಯಿದ್ದಾಗ ಹೊಗೆ ಹೇಗೂ ಚದುರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ನಾನೂ ಡಾಕ್ಟರೂ ಮಾತಾಡಿಕೊಂಡೆವು. ಇವತ್ತು ಗಾಳಿ ಸತ್ತುಹೋಗಿದೆ. ತಂತಿಯ ಮೇಲೆ ಕೂತ ಹಕ್ಕಿಯ ಪುಕ್ಕವೂ ಅಲ್ಲಾಡುತ್ತಿಲ್ಲ. ಬೆಳಗ್ಗೆ ಅವರು ಬಂದು ಹೇಳಿದರು, "ಹೊಗೆ ಬರದಿದ್ರೆ ಸಂಜೆ ನಾನು ಆ ಕಿಟಕಿ ತೆಗೀತೀನಿ. ನೀವು ನನ್ನ ಮಾತು ನಂಬೋದು ಬೇಡ, ಕಿಟಕಿ ನೋಡಿ."

ಆದರೆ ಆ ಮನುಷ್ಯ ಸಜ್ಜನ ಅಂತ ನನಗೆ ಈಗೀಗ ಅನುಮಾನ ಶುರುವಾಗಿದೆ. ನನ್ನ ಮುಖ ನೋಡಿ ಪಾಪ ಅಂತ ಹೊಗೆಯಲ್ಲೇ ಕಿಟಕಿ ತೆಗೆದುಬಿಟ್ಟರೆ? ಅದಕ್ಕೆ ಮಫ್ಲರನ್ನು ನೋಡುತ್ತೇನೆ ಅಂದುಕೊಂಡಿದ್ದೇನೆ. ಕಿಟಕಿ ತೆಗೆಯಲು ಸೌಜನ್ಯ ಸಾಕು, ಮೂಗು ಸುಳ್ಳು ಹೇಳುವುದಿಲ್ಲ. ಈ ಕಡೆ ನಿನ್ನ ಕಿಟಕಿಯನ್ನೂ ಪೂರ್ತಿ ತೆಗೆದಿಟ್ಟು, ಶಾಲು ಹೊದ್ದು, ಮೊಣಕಾಲು ರೇಡಿಯೇಟರಿಗೆ ತಾಗಿಸಿಕೊಂಡು ಕೂತಿದ್ದೇನೆ. ಪಕ್ಕದಲ್ಲಿ ನಿನ್ನ ರೈಲು. ಎಲ್ಲಿಗೆ ಹೊರಟ ರೈಲೋ, ಐದು ಚಕ್ರ ಬರೆದಿದ್ದೀಯ.

ಹಿಮ ನೀಲಿಯಾಗುತ್ತಿದೆ. ಇದೇ ಹೊತ್ತು ಅವತ್ತು ಅದು ಮಂಡಿಯೂರಿದ್ದು.

ಹೊಗೆ ಹೊರಗೆ ಬಂತು. ಯೋಚಿಸುತ್ತಿದೆ.

ಡಾಕ್ಟರ ಮಾಡಿನ ಮೇಲೆ ಇದೆ. ಇಳಿಯುತ್ತಿಲ್ಲ. ಅಡ್ಡಕ್ಕೆ ಮಲಗಿದೆ, ಆದರೆ ಮೇಲೆಯೇ, ಯಾರೋ ಒಣಗಲು ಹರವಿದ ಬಟ್ಟೆಯ ಹಾಗೆ, ಮಾಡು ದಾಟಿ ಮನೆಗಳಿಲ್ಲದ ರೈಲು ಹಳಿಯ ಬಯಲಿನ ಕಡೆಗೆ ಹೋಗುತ್ತಿದೆ. ನಿನ್ನ ಕೋಣೆಯಲ್ಲಿ ಹಿಮದ ವಾಸನೆ ಬಿಟ್ಟು ಬೇರೇನಿಲ್ಲ. ಎರಡು ಸಲ ಎದ್ದು ಮೂಸಿದೆ.

ಡಾಕ್ಟರು ಕಿಟಕಿಯ ಹತ್ತಿರ ಬಂದರು. ಸಂದಿನಿಂದ ಹತ್ತಿ ಕೀಳುತ್ತಿದ್ದಾರೆ, ಒಂದೊಂದೇ, ವೃತ್ತಿ ಬಿಡಬೇಕಲ್ಲ. ತೆಗೆದರು. ನಿಂತಿದ್ದಾರೆ. ಈಗ ಮಫ್ಲರನ್ನು ಗಲ್ಲದ ಕೆಳಗೆ ಇಳಿಸಿದರು. ಅವರಿಗೆ ಮೀಸೆ ಇದೆ, ನನಗೆ ನೆನಪೇ ಇರಲಿಲ್ಲ.

ಸೂಜಿ, ನೀನೂ ಜೊತೆಗೆ ಬಾ. ನಾಟಕದ ಪರದೆ ಇಲ್ಲಿ ಕೂತೂ ಹೊಲಿಯಬಹುದು. ಯಂತ್ರದ ಸದ್ದಿಗೆ ಬೈಯುವವರು ಒಬ್ಬರೇ, ಇನ್ನೊಬ್ಬನಿಗೆ ಕೇಳಿಸುವುದಿಲ್ಲ. ತಟ್ಟೆ ಮೂರಿವೆ.

ಗುಬ್ಬಿ, ನೋಡಿ ಬರೆಯುತ್ತಿದ್ದೇನೆ. ಬಾ.

ಬೆಳಕು ಹೋಗ್ತಾ ಇದೆ. ಅಕ್ಷರ ಕಾಣಿಸುತ್ತಿಲ್ಲ, ಹೊಗೆ ಇನ್ನೂ ಕಾಣಿಸುತ್ತಿದೆ. ಪರದೆ ಹಾಗೇ ಇರಲಿ.